ಎತ್ತಿಟ್ಟ ಹೆಪ್ಪು

ಮೂರು ವರ್ಷದ ಹಂಸಳ ಹೊಟ್ಟೆಗೆ, ತೊಳೆಯದ ಬೆರಳಿನ ಜೊತೆ ಭೇದಿಯ ರೋಗಾಣುವೊಂದು ಬಂದು ಸೇರಿತು. ಅಲ್ಲಿ ಮೊದಲೇ ಮೊಸರಿನ ಅಣುಜೀವಿ ಹಾಯಾಗಿ ಕೂತಿರುವುದನ್ನು ಕಂಡು ಅದು ಹೊಟ್ಟೆಕಿಚ್ಚಿನಿಂದ ಕುದಿಯಿತು.

“ನಾವಿಬ್ಬರೂ ಕಣ್ಣಿಗೆ ಕಾಣದವರೇ. ಆದರೆ ನಿನ್ನನ್ನು ಉಗುರುಬೆಚ್ಚಗಿನ ಹಾಲಿಗೆ ಬಿಟ್ಟು, ಮುಚ್ಚಳ ಮುಚ್ಚಿ, ಯಾರೂ ಅಲುಗಾಡಿಸಬೇಡಿ ಎನ್ನುತ್ತಾರೆ. ನನ್ನ ಹೆಸರೆತ್ತಿದರೆ ಸೋಪು ಹುಡುಕುತ್ತಾರೆ. ನಿನ್ನಲ್ಲಿ ಅಂಥದ್ದೇನಿದೆ?” ಎಂದು ಕೇಳಿತು.

“ಏನೂ ಇಲ್ಲ. ನಾನು ಹೊಕ್ಕ ಮನೆಯನ್ನು ಕೆಡಿಸುವುದಿಲ್ಲ, ಅಷ್ಟೇ,” ಎಂದಿತು ಮೊಸರಿನದು.

ಆ ತಣ್ಣನೆಯ ಮಾತು ರೋಗಾಣುವಿಗೆ ಇನ್ನಷ್ಟು ಉರಿ ಹಚ್ಚಿತು. “ನಿನ್ನನ್ನು ಇಲ್ಲಿಂದ ಹೊರದಬ್ಬದಿದ್ದರೆ ಕೇಳು!” ಎಂದು ಬಳಗವನ್ನೆಲ್ಲ ಬೆಳೆಸಿ, ಮಗುವಿನ ಮೈಯ ನೀರನ್ನೆಲ್ಲ ಕರುಳಿಗೆ ಹರಿಸಿತು. ಹಂಸಳ ಕಣ್ಣುಗಳು ಗುಳಿಬಿದ್ದವು. ತಾಯಿ ಮಂಗಳಾ ಎರಡು ದಿನ ಮಗುವನ್ನು ಮಡಿಲಿನಿಂದ ಇಳಿಸದೆ, ಚಮಚ ಚಮಚವಾಗಿ ಉಪ್ಪು ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡಳು. ಆ ಪ್ರವಾಹದಲ್ಲಿ ಮೊಸರಿನದು ಕೊಚ್ಚಿಹೋಯಿತು. ಅದರ ಹಿಂದೆಯೇ ರೋಗಾಣುವೂ ಬಳಗಸಮೇತ ಕೊಚ್ಚಿಹೋಗಿ ಮಗುವಿನ ಬಟ್ಟೆಗೆ ಬಿತ್ತು.

ಮೂರನೇ ದಿನ ಮಂಗಳಾ ಆ ಬಟ್ಟೆಗೆ ಸೋಪು ಹಚ್ಚಿ, ಕುದಿನೀರು ತುಂಬಿದ ಚೊಂಬು ಎತ್ತಿದಳು. ‘ನಾನು ಹೋದರೆ ಹೋಗಲಿ, ಅದನ್ನೂ ಓಡಿಸಿದೆನಲ್ಲ’ ಎಂದು ರೋಗಾಣು ಹಿಗ್ಗಿತು.

ಅಷ್ಟರಲ್ಲಿ ಮಂಗಳಾ ಪಕ್ಕದ ಮನೆಯತ್ತ ತಿರುಗಿ ಕೂಗಿದಳು: “ಜಯಕ್ಕಾ, ಮಗು ಮೊಸರನ್ನ ಕೇಳ್ತಿದೆ. ನಮ್ಮನೇಲಿ ಹೆಪ್ಪಿಗೂ ಮೊಸರಿಲ್ಲ, ಒಂದು ಚಮಚ ಕೊಡ್ತೀರಾ?”

“ಬಾರಮ್ಮ, ನಿಂಗೆ ಅಂತಲೇ ಎತ್ತಿಟ್ಟಿದ್ದೀನಿ!”

ಕುದಿನೀರು ಬೀಳುವ ಮೊದಲೇ ರೋಗಾಣು ಬೆಂದುಹೋಗಿತ್ತು.