ತಪ್ಪಿಲ್ಲದವನ ಪಾಪನಿವೇದನೆ

ಪೂಜ್ಯ ರಾಯಪ್ಪ ಸ್ವಾಮಿಯವರು ಮಾದಾಪಾಳ್ಯದ ಚರ್ಚಿನಲ್ಲಿ ಮೂವತ್ತು ವರ್ಷ ಗುರುಗಳಾಗಿದ್ದರು. ಪೂಜೆಯಲ್ಲಿ ಪರಮಪ್ರಸಾದವಾಗಿ ಹಂಚುವ ತೆಳು ರೊಟ್ಟಿಯನ್ನು ಪೇಟೆಯ ಕನ್ಯಾಮಠದಿಂದ ತರಿಸಿಕೊಳ್ಳುವ ಅನುಕೂಲವಿದ್ದರೂ, ಪ್ರತಿ ಶನಿವಾರ ಮಧ್ಯಾಹ್ನ ತಾವೇ ಗೋಧಿಹಿಟ್ಟು ಕಲಸಿ, ಉದ್ದ ಹಿಡಿಯ ಕಬ್ಬಿಣದ ಅಚ್ಚಿಗೆ ಹುಯ್ದು ಕೆಂಡದ ಮೇಲೆ ಸುಡುತ್ತಿದ್ದರು. ಆ ಹೊಗೆಗೆ ಅವರ ಕಣ್ಣು ಅಂದೆಲ್ಲ ಕೆಂಪಗಿರುತ್ತಿತ್ತು. ಚಿನ್ನಪ್ಪ ಅವರ ಅಡುಗೆಮನೆಯ ಬಾಗಿಲಿಗೆ ಬಂದದ್ದು ಅಂಥದೊಂದು ಶನಿವಾರ. ಅಲ್ಲಿ ನಡೆದದ್ದನ್ನು ಮುಂದೆ ಅವನೇ ಎಲ್ಲರಿಗೂ ಹೇಳಿಕೊಂಡ. ಸ್ವಾಮಿಯವರಂತೂ ಬಾಯಿ ಬಿಟ್ಟವರಲ್ಲ.

ಚಿನ್ನಪ್ಪ ಗಡಿಯ ಯುದ್ಧ ಮುಗಿಸಿ ಊರಿಗೆ ಬಂದು ಐದು ವರ್ಷವಾಗಿತ್ತು. ಅಂದಿನಿಂದ ಅವನು ಒಂದು ಭಾನುವಾರವೂ ಪೂಜೆ ತಪ್ಪಿಸಿರಲಿಲ್ಲ, ಒಂದು ಭಾನುವಾರವೂ ಪರಮಪ್ರಸಾದ ಸ್ವೀಕರಿಸಿರಲಿಲ್ಲ. ಎಲ್ಲರೂ ಎದ್ದು ಸಾಲಾಗಿ ಹೋಗುವಾಗ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತುಬಿಡುತ್ತಿದ್ದ. ಜನ ಆಡಿಕೊಂಡರು, ಹೆಂಡತಿ ಕಣ್ಣೀರಿಟ್ಟಳು. ಅದೆಲ್ಲ ಅವನಿಗೆ ರೂಢಿಯಾಗಿಹೋಗಿತ್ತು. ಆದರೆ ಮರುದಿನ ಮಗಳು ಅನ್ನಮ್ಮನ ಮೊದಲ ಪರಮಪ್ರಸಾದ. ಆ ಊರಿನಲ್ಲಿ ತಂದೆತಾಯಿ ಮಗುವಿನ ಎರಡು ಪಕ್ಕ ಮಂಡಿಯೂರಿ ಜೊತೆಗೇ ಪ್ರಸಾದ ಸ್ವೀಕರಿಸುವುದು ವಾಡಿಕೆ. ಅಪ್ಪ ತನ್ನ ಪಕ್ಕಕ್ಕೆ ಬರುತ್ತಾನೋ ಇಲ್ಲವೋ ಎಂದು ಹುಡುಗಿ ವಾರದಿಂದ ಕೇಳುತ್ತಿದ್ದಳು.

ಹೊಳೆಯಂಚಿನಲ್ಲಿ ನೀರು ತುಂಬಿಕೊಳ್ಳುತ್ತಿದ್ದ ಶತ್ರು ಸಿಪಾಯಿಯೊಬ್ಬನನ್ನು ಚಿನ್ನಪ್ಪ ಗುಂಡಿಟ್ಟು ಕೊಂದಿದ್ದ. ಅದನ್ನು ಬೇರೆ ಮೂವರು ಗುರುಗಳ ಮುಂದೆ ನಿವೇದಿಸಿಕೊಂಡಿದ್ದ. ನಿರಪರಾಧಿಗಳನ್ನು ಕಾಯಲು ಬೇರೆ ದಾರಿಯಿಲ್ಲದೆ ಹಿಡಿದ ಆಯುಧ ಪಾಪವಲ್ಲ, ಇದು ನ್ಯಾಯದ ಯುದ್ಧ ಎಂದು ಪಲ್ಟನ್ನಿನ ಗುರುಗಳು ಬೆನ್ನು ತಟ್ಟಿದರು. ಉಳಿದಿಬ್ಬರೂ ಪುಸ್ತಕ ತೆರೆದು ಅದನ್ನೇ ಓದಿ ಹೇಳಿದರು. ಪಾಪವೇ ಅಲ್ಲದ ಮೇಲೆ ಕ್ಷಮೆ ಯಾವುದಕ್ಕೆ? ಒಳ್ಳೆಯ ಮನಸ್ಸಿನಿಂದಲೇ ಮೂವರೂ ಅವನನ್ನು ಬರಿಗೈಯಲ್ಲಿ ಕಳಿಸಿದ್ದರು. ಕ್ಷಮೆ ಸಿಗದೆ ಪ್ರಸಾದ ಸ್ವೀಕರಿಸಲು ಅವನ ಮನಸ್ಸು ಒಪ್ಪಿರಲಿಲ್ಲ.

“ನೀವೂ ಅದನ್ನೇ ಹೇಳೋದಾದ್ರೆ ಈಗ್ಲೇ ಹೇಳ್ಬಿಡಿ ಸ್ವಾಮಿ, ಹೊರಟೋಗ್ತೀನಿ. ಕೇಳಿ ಕೇಳಿ ಸಾಕಾಗೈತೆ,” ಎಂದ, ಇದೆಲ್ಲವನ್ನೂ ಹೊಸಲಿನಾಚೆಯೇ ನಿಂತು ಹೇಳಿ ಮುಗಿಸಿ.

ಸ್ವಾಮಿಯವರು ಅಚ್ಚನ್ನು ಕೆಂಡದ ಮೇಲೆ ಹಿಡಿದುಕೊಂಡೇ, ಸತ್ತವನು ನೋಡಲು ಹೇಗಿದ್ದ ಎಂದು ಕೇಳಿದರು. ಅದನ್ನು ಆವರೆಗೆ ಯಾರೂ ಕೇಳಿರಲಿಲ್ಲ. ವಯಸ್ಸು ಇಪ್ಪತ್ತು ದಾಟಿರಲಾರದು ಎಂದ ಚಿನ್ನಪ್ಪ. ಕಾಲಿಗೆ ಅಳತೆ ಮೀರಿದ ಬೂಟು, ಬಿದ್ದಾಗ ಟೋಪಿ ನೀರಿನಲ್ಲಿ ತೇಲಿಹೋಯಿತು, ನೀರು ತುಂಬುತ್ತಿದ್ದ ಡಬ್ಬಿಯನ್ನು ಮಾತ್ರ ಕೈಬಿಡಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅಚ್ಚಿನಲ್ಲಿದ್ದ ರೊಟ್ಟಿ ಸೀದು ಕರಕಲಾಗಿತ್ತು.

“ಆ ಯುದ್ಧ ಸರಿಯೋ ತಪ್ಪೋ ಅಂತ ತೂಗಿ ತೂಗಿ ನನಗೂ ಸಾಕಾಗಿದೆ ಕಣಪ್ಪ,” ಎಂದರು ಸ್ವಾಮಿಯವರು. “ಸರಿ ಅಂತ ಪ್ರಸಂಗ ಮಾಡಿ, ಹಣೆಗೆ ಶಿಲುಬೆ ಇಟ್ಟು ನಿನ್ನ ಕಳಿಸಿದವನು ನಾನೇ. ತಪ್ಪು ಅಂತ ಇವತ್ತೂ ಹೇಳಲಾರೆ. ಆದರೆ ಆ ಹುಡುಗ ಸತ್ತ. ಕ್ಷಮೆ ಕೇಳೋದಾದ್ರೆ ಇಬ್ಬರೂ ಕೇಳಬೇಕು.”

ಹಿಂದಿನ ಕಾಲದಲ್ಲಿ ಯುದ್ಧದಿಂದ ಮರಳಿದವನನ್ನು ಕೊಲೆಗಾರ ಎನ್ನದಿದ್ದರೂ, ಕೈ ಶುದ್ಧವಾಗಲೆಂದು ಮೂರು ವರ್ಷ ಪ್ರಸಾದದಿಂದ ದೂರವಿರಲು ಹೇಳಿದ ಗುರುಗಳಿದ್ದರೆಂದು ತಿಳಿಸಿದರು.

“ನೀನು ಐದು ವರ್ಷ ದೂರ ಕೂತೆ. ಇನ್ನು ಬಾ ಅಂತ ಕರೆಯೋರು ಇರಲಿಲ್ಲ, ಅಷ್ಟೆ.”

ಎಪ್ಪತ್ತು ದಾಟಿದ ಆ ಪೂಜ್ಯರು ಗೋಡೆ ಹಿಡಿದು, ಬೂದಿ ಬಿದ್ದ ನೆಲದ ಮೇಲೆ ಮಂಡಿಯೂರಿದರು. ಚಿನ್ನಪ್ಪ ಹೊಸಲು ದಾಟಿ ಅವರ ಪಕ್ಕದಲ್ಲಿ ಕುಸಿದ. ಹೆಸರು ಗೊತ್ತಿಲ್ಲದ ಆ ಹುಡುಗನಿಗಾಗಿ ಇಬ್ಬರೂ ಪ್ರಾರ್ಥಿಸಿದರು. ಆಮೇಲೆ ಸ್ವಾಮಿಯವರು ಅವನ ತಲೆಯ ಮೇಲೆ ಕೈಯಿಟ್ಟು ಪಾಪಕ್ಷಮೆಯ ಮಾತುಗಳನ್ನು ಉಚ್ಚರಿಸಿದಾಗ, ಐದು ವರ್ಷ ತಡೆದಿದ್ದ ಅಳುವನ್ನು ಅವನು ಅಲ್ಲೇ ಅತ್ತ. ಏಳುವಾಗ ಸ್ವಾಮಿಯವರು ಅಚ್ಚನ್ನು ಅವನ ಕೈಗಿತ್ತು, ತಮ್ಮ ತೋಳು ಸೋತಿದೆ, ಉಳಿದ ಹಿಟ್ಟನ್ನು ನೀನೇ ಸುಡು ಎಂದರು.

ಮರುದಿನ ಅನ್ನಮ್ಮ ಸ್ವೀಕರಿಸಿದ್ದು ಅವಳಪ್ಪ ಸುಟ್ಟ ರೊಟ್ಟಿ. ಅವಳ ಬಲಗಡೆ ಅವನೂ ಮಂಡಿಯೂರಿದ್ದ.

ಸ್ವಾಮಿಯವರು ಪ್ರಭುವಿನಲ್ಲಿ ನಿದ್ರೆಹೋದ ಮೇಲೂ ಶನಿವಾರದ ಆ ಕೆಲಸ ಚಿನ್ನಪ್ಪನದೇ ಆಗಿ ಉಳಿಯಿತು. ಯುದ್ಧ ಮಾಡುವುದು ಸರಿಯೇ ಎಂದು ಯಾರಾದರೂ ಕೆಣಕಿದರೆ, ಕೆಂಡ ಕೆದಕುತ್ತಲೇ ಹೇಳುತ್ತಿದ್ದ:

“ಅದನ್ನ ತಿಳಿದೋರು ತೀರ್ಮಾನ ಮಾಡ್ಲಿ. ಹೋಗಿ ಬಂದೋನಿಗೆ ಮಾತ್ರ, ನೀನೇನೂ ಮಾಡಿಲ್ಲ ಬಿಡು ಅಂತ ಹೇಳ್ಬೇಡಿ.”