ದಸ್ತಗೀರ್ ಎಳೆದ ಸುಣ್ಣದ ಗೆರೆ

ಅರವತ್ತು ಅಡಿಯ ಟವರ್ ನಿಲ್ಲಿಸಿ ದಸ್ತಗೀರ್ ಇನ್ನೂ ಕೈ ತೊಳೆದಿರಲಿಲ್ಲ. ಹವ್ಯಾಸಿ ರೇಡಿಯೊ ಸಂಘದ ಅಧ್ಯಕ್ಷರು, ನಿವೃತ್ತ ಎಂಜಿನಿಯರ್ ವಿರೂಪಾಕ್ಷಯ್ಯನವರು ಬಂದು, ಟವರನ್ನು ನಾಲ್ಕೂ ಕಡೆಯಿಂದ ಜಗ್ಗಿ ಹಿಡಿದಿದ್ದ ತಂತಿಗಳತ್ತ ಬೆರಳು ತೋರಿಸಿದರು.

“ಸಂಜೆ ಉದ್ಘಾಟನೆಗೆ ಡಿಸಿ ಸಾಹೇಬ್ರು ಬರ್ತಾರೆ. ಫೋಟೋದಲ್ಲಿ ಇವು ಅಸಹ್ಯ. ಬಿಚ್ಚಯ್ಯ.”

“ಆಷಾಢದ ಗಾಳಿ ಸಾರ್. ತಂತಿ ಇಲ್ದೆ ಟವರ್ ನಿಲ್ಲಲ್ಲ.”

“ಎಂಜಿನಿಯರ್ ನಾನೋ ನೀನೋ? ನಿನ್ನಿಂದಾಗದಿದ್ರೆ ಬೇರೆಯವನು ಬಿಚ್ತಾನೆ.”

ದಸ್ತಗೀರ್ ಟವರನ್ನೊಮ್ಮೆ ನೋಡಿದ. ಬೇರೆಯವನು ನಿಜಕ್ಕೂ ಬಿಚ್ಚಿಬಿಟ್ಟರೆ? ಸಂಜೆ ಇದರ ಬುಡದಲ್ಲೇ ಇನ್ನೂರು ಜನ ಕೂರುತ್ತಾರೆ.

“ಆಗ್ಲಿ ಸಾರ್, ಬಿಚ್ತೀನಿ. ಅದಕ್ಕೆ ಮುಂಚೆ ಗೆರೆ ಹಾಕೋದು ನಮ್ಮ ಕಸುಬಿನ ಪದ್ಧತಿ.”

ಅರವತ್ತು ಅಡಿ ಹಗ್ಗವನ್ನು ಟವರಿನ ಬುಡದಿಂದ ಎಲ್ಲ ದಿಕ್ಕಿಗೂ ಎಳೆದು ಅಳೆದು, ಸುಣ್ಣದ ಪುಡಿ ಚೆಲ್ಲುತ್ತ ಒಂದು ಸುತ್ತು ಬಂದ. ವೇದಿಕೆ, ಶಾಮಿಯಾನ, ಅಧ್ಯಕ್ಷರ ಹೊಸ ಕಾರು ಎಲ್ಲವೂ ಗೆರೆಯ ಒಳಗೇ ಉಳಿದವು.

“ಏನಯ್ಯಾ ಇದು?”

“ಟವರ್ ಬಿದ್ರೆ ಇದರೊಳಗೇ ಬೀಳುತ್ತೆ ಸಾರ್. ಯಾವ ಕಡೆಗೆ ಅನ್ನೋದು ಗಾಳಿಗೆ ಬಿಟ್ಟಿದ್ದು. ಡಿಸಿ ಸಾಹೇಬ್ರ ಕುರ್ಚಿ ಆಚೆ ರಸ್ತೆಗೆ ಹಾಕಿಸ್ಲಾ? ಯಾಕೆ ಅಂತ ಕೇಳಿದ್ರೆ, ಅಧ್ಯಕ್ಷರೇ ತಂತಿ ಬಿಚ್ಚಿಸಿದ್ರು ಅಂತೀನಿ.”

ಹೇಳುತ್ತಲೇ ಸ್ಪ್ಯಾನರ್ ಕೈಗೆತ್ತಿಕೊಂಡ.

“ಮುಟ್ಬೇಡ!” ಎಂದು ಕೂಗಿದ ಅಧ್ಯಕ್ಷರು ಒಂದೇ ಓಟಕ್ಕೆ ಗೆರೆ ದಾಟಿ ಆಚೆ ನಿಂತಿದ್ದರು.

ಸಂಜೆ ಡಿಸಿ ಕೇಳಿದರು, “ಇಷ್ಟೊಂದು ತಂತಿ ಯಾಕ್ರೀ?”

“ನಾನೇ ಹಟ ಹಿಡಿದು ಹಾಕಿಸಿದ್ದು ಸಾರ್,” ಎಂದರು ವಿರೂಪಾಕ್ಷಯ್ಯ. “ಈ ಕೆಲಸದವರಿಗೆ ಜೀವದ ಬೆಲೆ ಎಲ್ಲಿ ಗೊತ್ತು?”

ಹೌದೌದೆಂದು ತಲೆಯಾಡಿಸಿದ ದಸ್ತಗೀರ್, ಕಸುಬಿನ ಪದ್ಧತಿಯಂತೆ ಗೆರೆಯ ಆಚೆ ನಿಂತುಕೊಂಡೇ.