ತೆಗೆದು ನೋಡಿದ ಮುಚ್ಚಳ

"ಗುರುಗಳೇ, ಅನುಮಾನ ಪಡುವುದು ತಪ್ಪೇ?" ಎಂದು ಶಿಷ್ಯ ಮುರಿಗೆಪ್ಪ ಕೇಳಿದ. "ಮಠದ ಉಗ್ರಾಣಿಯ ಮೇಲೆ ನನಗೆ ನಂಬಿಕೆಯಿಲ್ಲ. ಅವನು ಉಗ್ರಾಣಕ್ಕೆ ಬೀಗ ಹಾಕಿ ಹೋದ ಮೇಲೆ, ನನ್ನ ಬಳಿಯ ಕೀಲಿಯಿಂದ ತೆಗೆದು ತುಪ್ಪದ ಡಬ್ಬಿಗಳನ್ನು ದಿನವೂ ನೋಡುತ್ತೇನೆ. ಇವತ್ತೂ ನೋಡುತ್ತಿದ್ದೆ. ಅಷ್ಟರಲ್ಲಿ ತಾವು ಕರೆದಿರಿ, ಓಡಿ ಬಂದೆ."

"ಭೇಷ್! ಹಾಗಾದರೆ ಈ ಕತೆ ಕೇಳು" ಎಂದರು ಗುರುಗಳು.

ಒಬ್ಬ ಪೈಲಟ್ ಇದ್ದ. ಬೆಟ್ಟದ ದೇವರ ದರ್ಶನಕ್ಕೆ ಹೋಗುವವರನ್ನು ಹೆಲಿಕಾಪ್ಟರಿನಲ್ಲಿ ಕರೆದೊಯ್ಯುವುದು ಅವನ ಕೆಲಸ. ಯಂತ್ರ ನೋಡಿಕೊಳ್ಳಲು ಒಬ್ಬ ಮೆಕ್ಯಾನಿಕ್. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಪೈಲಟನಿಗೆ ಅದೇ ಸಂಶಯ. ಬಾಯಿ ಬಿಡದವನ ಹೊಟ್ಟೆಯಲ್ಲಿ ಏನಿದೆಯೋ ಯಾರಿಗೆ ಗೊತ್ತು! ಅವನು ನಕ್ಕರೆ ಯಾಕೆ ನಕ್ಕ, ನಗದಿದ್ದರೆ ಯಾಕೆ ನಗಲಿಲ್ಲ? ಮೆಕ್ಯಾನಿಕ್ ಎಂಜಿನ್ನಿನ ಮುಚ್ಚಳ ಬಿಗಿದು ಚಹಾ ಕುಡಿಯಲು ಹೋದರೆ ಸಾಕು, ಈ ಪುಣ್ಯಾತ್ಮ ಕಳ್ಳಬೆಕ್ಕಿನಂತೆ ಹೋಗಿ ನಾಲ್ಕೂ ಸ್ಕ್ರೂ ಬಿಚ್ಚಿ, ಒಳಗೆ ಇಣುಕಿ, ಮತ್ತೆ ಬಿಗಿಯುತ್ತಿದ್ದ. ಒಂದು ದಿನವೂ ತಪ್ಪು ಸಿಗಲಿಲ್ಲ. ಸಿಗಲಿಲ್ಲವಲ್ಲ ಎಂದೇ ಸಂಶಯ ಇನ್ನೂ ಬಲಿಯಿತು.

ಒಂದು ಬೆಳಿಗ್ಗೆ ಇಣುಕುತ್ತಿದ್ದಾಗಲೇ ಪ್ರಯಾಣಿಕರು ಬಂದುಬಿಟ್ಟರು. ಪೈಲಟ್ ಮುಚ್ಚಳವನ್ನು ಒತ್ತಿ, ಏನೂ ಗೊತ್ತಿಲ್ಲದವನ ಹಾಗೆ ಹತ್ತಿ ಕೂತ.

ಅರ್ಧ ದಾರಿಯಲ್ಲಿ ಮುಚ್ಚಳ ಕಿತ್ತು ಹಾರಿ, ಬಾಲದ ರೆಕ್ಕೆಗೆ ಬಡಿಯಿತು. ಹೆಲಿಕಾಪ್ಟರ್ ಗಿರಗಿರನೆ ತಿರುಗಿತು. ಹೇಗೋ ಒಂದು ಜೋಳದ ಹೊಲಕ್ಕೆ ಇಳಿಸಿದ. ಎಲ್ಲರ ಜೀವವೂ ಉಳಿಯಿತು, ಒಬ್ಬ ಮುದುಕಿಯ ಕಾಲು ಮಾತ್ರ ಮುರಿಯಿತು.

ಸುದ್ದಿ ತಿಳಿದು ಮೆಕ್ಯಾನಿಕ್ ಜೀಪಿನಲ್ಲಿ ಧಾವಿಸಿ ಬಂದ.

"ನಂಗೊತ್ತಿತ್ತು ಕಣೋ!" ಪೈಲಟ್ ಎಲ್ಲರೆದುರು ಅರಚಿದ. "ಇದು ನಿಂದೇ ಕೈವಾಡ. ನಿನ್ನನ್ನ ಜೈಲಿಗೆ ಕಳಿಸದೆ ಬಿಡಲ್ಲ!"

ಮೆಕ್ಯಾನಿಕ್ ಮುದುಕಿಯ ಕಾಲನ್ನು ನೋಡಿದ. ಅವನ ಕಣ್ಣು ತುಂಬಿತು. "ನಾನು ಬಿಗಿದ ಮೇಲೆ ಅದನ್ನ ಯಾರೂ ಮುಟ್ಟಿಲ್ಲ ಅಂತ ಆಣೆ ಮಾಡಿ ಸಾರ್. ನಾನಾಗೇ ಜೈಲಿಗೆ ನಡೀತೀನಿ."

ಪೈಲಟ್ ಬೆವರೊರೆಸಿಕೊಳ್ಳಲು ಜೇಬಿನಿಂದ ಕರವಸ್ತ್ರ ಎಳೆದ. ಅದರ ಜೊತೆಗೆ ನಾಲ್ಕು ಸ್ಕ್ರೂ ಬಂದು ನೆಲಕ್ಕೆ ಬಿದ್ದವು.

ಗುರುಗಳು ಕತೆ ನಿಲ್ಲಿಸಿದರು.

"ಥೂ, ಎಂಥ ಮನುಷ್ಯ ಅವನು!" ಎಂದ ಮುರಿಗೆಪ್ಪ.

"ಅವನ ಸುದ್ದಿ ಇರಲಿ ಮಾರಾಯ, ಉಗ್ರಾಣದ ಬೀಗ ತೆಗೆದೆಯಲ್ಲ, ಮತ್ತೆ ಹಾಕಿ ಬಂದೆಯಾ?"

ಮುರಿಗೆಪ್ಪ ಕೀಲಿ ಹಿಡಿದು ಉಗ್ರಾಣದ ಕಡೆಗೆ ಓಡಿದ.